ಫೆರೆಟ್‌ಗಳನ್ನು ನದಿ ದಾಟಿಸುತ್ತಿದ್ದವರು

ಅವರು ಬಂದು ಕುಳಿತರೆ ಅಕ್ಕಪಕ್ಕದ ಕುರ್ಚಿಗಳು ಮೆಲ್ಲಗೆ ಖಾಲಿಯಾಗುತ್ತಿದ್ದವು. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ನಾನಿದನ್ನು ಕಣ್ಣಾರೆ ಕಂಡಿದ್ದೇನೆ. ಯಾರೂ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಒಬ್ಬರಿಗೆ ಫೋನ್ ಬರುತ್ತಿತ್ತು, ಇನ್ನೊಬ್ಬರಿಗೆ ಕಾಫಿ ಬೇಕಾಗುತ್ತಿತ್ತು. ಹೋದವರು ತಿರುಗಿ ಬಂದು ಬೇರೆ ಸಾಲಿನಲ್ಲಿ ಕೂರುತ್ತಿದ್ದರು. ಎಷ್ಟು ಒಗೆದರೂ ಹೋಗದ ಒಂದು ವಾಸನೆ ಅವರ ಬಟ್ಟೆಗಿತ್ತು. ಪುನುಗಿನ ಘಾಟಿಗೆ ಒದ್ದೆ ಗೋಣಿಚೀಲದ ಮುಗ್ಗಲು ಬೆರೆತಂಥ ವಾಸನೆ. ಅದು ಅವರಿಗೂ ಗೊತ್ತಿತ್ತು. ಬರುಬರುತ್ತಾ ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲೇ ಕೂತು, ಊಟಕ್ಕೆ ಮೊದಲೇ ಎದ್ದು ಹೋಗಿಬಿಡುತ್ತಿದ್ದರು.

ಕಳೆದ ತಿಂಗಳು ಅವರು ತೀರಿಕೊಂಡಾಗ ಸಂಘದ ವಾಟ್ಸಾಪ್ ಗುಂಪಿನಲ್ಲಿ ಎರಡು ಸಾಲಿನ ಸಂದೇಶ ಬಂತು. ಅದರ ಕೆಳಗೆ ಮುಗಿದ ಕೈಗಳ ಸಾಲು. 'ಪ್ರಾಣಿಪ್ರಿಯರು' ಎಂದು ಯಾರೋ ಬರೆದರು. ಯಾವ ಪ್ರಾಣಿ ಎಂದು ಯಾರೂ ಬರೆಯಲಿಲ್ಲ, ಬರೆಯುವ ಹಾಗೂ ಇರಲಿಲ್ಲ. ಇಲ್ಲಿ ನಾನು ಪ್ರಾಣಿಯ ಹೆಸರು ಬರೆಯುತ್ತೇನೆ, ಅವರದನ್ನು ಬರೆಯುವುದಿಲ್ಲ. "ನನ್ನ ಹೆಸರ ಎಲ್ಲೂ ಹಚ್ಚಬ್ಯಾಡ್ರಿ," ಎಂದು ಅವರೇ ನನಗೆ ಹೇಳಿದ್ದರು.

ಫೆರೆಟ್ ಎಂದರೆ ಮುಂಗುಸಿಯಂತೆ ಉದ್ದ ಮೈಯ, ಗಿಡ್ಡ ಕಾಲಿನ, ಬೆಕ್ಕಿಗಿಂತ ಚಿಕ್ಕದಾದ ಒಂದು ಸಾಕುಪ್ರಾಣಿ. ದಿನದ ಮುಕ್ಕಾಲು ಪಾಲು ಸತ್ತಂತೆ ಮಲಗುತ್ತದೆ, ಎದ್ದರೆ ಹುಚ್ಚು ಹಿಡಿದಂತೆ ಕುಣಿಯುತ್ತದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಅದನ್ನು ನಾಯಿ ಬೆಕ್ಕಿನ ಹಾಗೆ ಸಾಕಬಹುದು. ಕ್ಯಾಲಿಫೋರ್ನಿಯಾದಲ್ಲಿ ಸಾಕುವುದು ಕಾನೂನಿಗೆ ವಿರುದ್ಧ. ಆದರೂ ಇಲ್ಲಿನ ಅಂಗಡಿಗಳಲ್ಲಿ ಅದರ ಆಹಾರ ಸಿಗುತ್ತದೆ, ಪಂಜರ ಸಿಗುತ್ತದೆ, ಅದು ಮಲಗುವ ಪುಟ್ಟ ಬಟ್ಟೆಯ ಜೋಲಿಯೂ ಸಿಗುತ್ತದೆ. ಕದ್ದು ತಂದವರು ಕದ್ದು ಸಾಕುತ್ತಾರೆ. ಮುದಿಯಾದಾಗ, ಕಾಯಿಲೆ ಬಿದ್ದಾಗ, ಮನೆ ಬದಲಿಸುವಾಗ ಏನು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಹಾಗೆ ಒದ್ದಾಡುವವರ ಕೈಯಿಂದ ಕೈಗೆ ಹಾದುಹೋಗುತ್ತಿದ್ದ ಒಂದು ಫೋನ್ ನಂಬರ್ ಅವರದು. ಬಿಟ್ಟುಕೊಟ್ಟ ಫೆರೆಟ್‌ಗಳನ್ನು ನಾಲ್ಕಾರು ದಿನ ಮನೆಯಲ್ಲಿಟ್ಟುಕೊಂಡು, ಉಪಚರಿಸಿ, ತಮ್ಮ ಹಳೆಯ ಕಾರಿನಲ್ಲಿ ಗಡಿಯ ಕೊಲರಾಡೋ ನದಿ ದಾಟಿಸಿ, ಪಕ್ಕದ ರಾಜ್ಯವಾದ ಅರಿಜೋನಾದಲ್ಲಿ ಬಿಟ್ಟ ಪ್ರಾಣಿಗಳನ್ನು ಸಲಹುವ ಒಂದು ರೆಸ್ಕ್ಯೂ ಕೇಂದ್ರಕ್ಕೆ ಒಪ್ಪಿಸಿ ಬರುತ್ತಿದ್ದರು.

ಅವರು ಬಾಗಲಕೋಟೆ ಕಡೆಯವರು. ಊರಲ್ಲಿ ಸರ್ಕಾರಿ ದನದ ಆಸ್ಪತ್ರೆಯ ಡಾಕ್ಟರಾಗಿದ್ದರು. ಹೆಂಡತಿಗೆ ಲಾಂಗ್ ಬೀಚಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತೆಂದು ಜೊತೆಗೆ ಬಂದರು. ಇಲ್ಲಿನ ಪಶುವೈದ್ಯರ ಪರೀಕ್ಷೆ ಎರಡು ಸಲ ಕಟ್ಟಿ ಎರಡು ಸಲವೂ ಫೇಲಾಗಿ, ಒಂದು ಪ್ರಾಣಿ ಆಸ್ಪತ್ರೆಯಲ್ಲಿ ಸಹಾಯಕರಾಗಿ ಸೇರಿ ಅಲ್ಲೇ ರಿಟೈರ್ ಆದರು. ನಾನು ಅವರನ್ನು ಕಾಣುವ ಹೊತ್ತಿಗೆ ಹೆಂಡತಿ ತೀರಿಕೊಂಡು ಐದಾರು ವರ್ಷವಾಗಿತ್ತು. ಡಾಕ್ಟರ್ ಎಂದು ಕರೆದರೆ ತಕ್ಷಣ ತಡೆಯುತ್ತಿದ್ದರು. "ಇಲ್ಲಿ ನಾ ಡಾಕ್ಟರ್ ಅಲ್ರಿ. ನಾಯಿ ಹಿಡ್ಕೊಳ್ಳಾವ."

ಅವರನ್ನು ನಾನು ಮೊದಲು ಕಂಡದ್ದು ೨೦೨೧ರ ಜನವರಿಯಲ್ಲಿ. ನನ್ನ ಮಗಳಿಗೆ ಆಗ ಹದಿನೈದು. ಶಾಲೆ ಲ್ಯಾಪ್‌ಟಾಪಿನೊಳಗೆ ಹೋಗಿ ಹತ್ತು ತಿಂಗಳಾಗಿತ್ತು. ಕಾರ್ಲ್ಸ್‌ಬಾಡಿನ ನಮ್ಮ ಮನೆಯಲ್ಲಿ ಮೂರು ಜನ ಮೂರು ಕೋಣೆ ಹಿಡಿದು ಬಾಗಿಲು ಹಾಕಿಕೊಂಡಿದ್ದೆವು. ಹೆಂಡತಿಯೂ ನಾನೂ ಮೀಟಿಂಗುಗಳ ನಡುವೆ ಹೊರಬಂದರೆ, ಮಗಳು ಊಟಕ್ಕೂ ಬರದಾದಳು. ಬಾಗಿಲು ತಟ್ಟಿದರೆ, 'ಐ ಆಮ್ ಫೈನ್' ಎನ್ನುವುದೊಂದೇ ಉತ್ತರ. ಒಂದು ದಿನ ತಾನಾಗಿ ಹೊರಗೆ ಬಂದು, ಫೋನಿನಲ್ಲಿ ಫೆರೆಟ್ಟಿನ ವಿಡಿಯೋ ತೋರಿಸಿ, ಇದು ಬೇಕು ಎಂದಳು. ಆ ಮುಖದಲ್ಲಿ ನಗು ನೋಡಿ ಎಷ್ಟು ದಿನವಾಗಿತ್ತೆಂದರೆ, ನಾನು ಹಿಂದೆಮುಂದೆ ನೋಡಲಿಲ್ಲ.

ಕಾನೂನು ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ಗೊತ್ತಿತ್ತು, ಉಳಿದರ್ಧ ತಿಳಿದುಕೊಳ್ಳಲು ಮನಸ್ಸಿರಲಿಲ್ಲ. ಆನ್‌ಲೈನ್ ಜಾಹೀರಾತು ನೋಡಿ, ಒಂದು ಮಾಲ್‌ನ ಪಾರ್ಕಿಂಗ್ ಲಾಟಿನಲ್ಲಿ ಮಾಸ್ಕ್ ಹಾಕಿದ ಅಪರಿಚಿತನೊಬ್ಬನ ಕೈಯಿಂದ ಶೂ ಡಬ್ಬಿಯೊಂದನ್ನು ಇಸಿದುಕೊಂಡೆ. ತಾಯಿ ಎಲ್ಲಿ, ಎಷ್ಟು ವಾರದ ಮರಿ, ಲಸಿಕೆ ಆಗಿದೆಯೇ, ಒಂದನ್ನೂ ಕೇಳಲಿಲ್ಲ. ಅವನೂ ನನ್ನನ್ನು ಏನೂ ಕೇಳಲಿಲ್ಲ. ಎರಡು ನಿಮಿಷದ ಕೆಲಸ.

ಮಗಳು ಅದಕ್ಕೆ ಚಕ್ಕುಲಿ ಎಂದು ಹೆಸರಿಟ್ಟಳು, ಅದು ಸುರುಳಿ ಸುತ್ತಿಕೊಂಡು ಮಲಗುತ್ತಿದ್ದುದರಿಂದ. ಹತ್ತು ದಿನ ನಮ್ಮ ಮನೆಯಲ್ಲಿ ಬಾಗಿಲುಗಳು ತೆರೆದಿದ್ದವು. ಹನ್ನೊಂದನೆಯ ದಿನ ಚಕ್ಕುಲಿಯ ಕಣ್ಣಿಗೆ ಪಿಚ್ಚು ಕಟ್ಟಿತು. ಮರುದಿನ ಗಲ್ಲದ ಕೆಳಗೆ ಕೆಂಪಗೆ ಹುಣ್ಣು ಎದ್ದಿತು, ತಿನ್ನುವುದು ನಿಂತಿತು. ಡಾಕ್ಟರ ಹತ್ತಿರ ಹೋಗೋಣ ಎಂದು ಮಗಳು. ನಾಳೆ ನೋಡೋಣ ಎಂದು ನಾನು. ನಮ್ಮ ಗ್ರೀನ್ ಕಾರ್ಡ್ ಅರ್ಜಿ ಆಗ ಕೊನೆಯ ಹಂತದಲ್ಲಿತ್ತು. ಆಸ್ಪತ್ರೆಯಲ್ಲಿ ಯಾರಾದರೂ ನನ್ನ ಹೆಸರು ಬರೆದುಕೊಂಡು ಮೇಲಕ್ಕೆ ತಿಳಿಸಿದರೆ? ಹನ್ನೆರಡು ವರ್ಷ ಕಾದದ್ದು ಒಂದು ಫೆರೆಟ್ಟಿನಿಂದ ಹಾಳಾದರೆ? ಹೀಗೆ ನಾಲ್ಕು ದಿನ ನಾಳೆ ನಾಳೆ ಎಂದೆ. ಕೊನೆಗೆ ಹೆಂಡತಿಯ ಸ್ನೇಹಿತೆಯೊಬ್ಬಳು ಅವರ ನಂಬರ್ ಕೊಟ್ಟಳು.

ಲಾಂಗ್ ಬೀಚಿನಿಂದ ಒಂದೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದರು. ಅರವತ್ತೈದು ದಾಟಿದ, ಸಣಕಲು ಮೈಯ ಮನುಷ್ಯ. ಮಾಸ್ಕಿನ ಮೇಲೆ ದಪ್ಪ ಕನ್ನಡಕ. ಸೋಫಾ ತೋರಿಸಿದರೆ ಕೂರಲಿಲ್ಲ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚಕ್ಕುಲಿಯನ್ನು ತೊಡೆಯ ಮೇಲೆ ತೆಗೆದುಕೊಂಡರು. ಅದರ ಪಾದವನ್ನು ಮೆಲ್ಲಗೆ ತಿರುಗಿಸಿ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಪಾದ ಗಟ್ಟಿಯಾಗಿತ್ತು. ಅವರ ಬೆರಳು ಅಲ್ಲಿಯೇ ನಿಂತಿತು.

"ಎಷ್ಟ ದಿನಾ ಆತು?"

"ನಾಲ್ಕು ದಿನ, ಸರ್."

"ನಾಕ ದಿನಾ ಯಾಕ ಸುಮ್ಮನ ಕುಂತ್ರಿ?"

ಗ್ರೀನ್ ಕಾರ್ಡ್ ವಿಷಯ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ ತಲೆ ತಗ್ಗಿಸಿದರು, ತಪ್ಪು ಮಾಡಿದವರು ಅವರೇ ಎಂಬಂತೆ.

ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು. ಡಿಸ್ಟೆಂಪರ್. ನಾಯಿಗಳಿಂದ ಬರುವ ಜ್ವರ, ಲಸಿಕೆ ಹಾಕದ ಮರಿಗೆ ತಗುಲಿದರೆ ಉಳಿಯುವುದಿಲ್ಲ. ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡುವುದೊಂದೇ ದಾರಿ. ಫೆರೆಟ್ ಎಂದು ಮುಖ ಸಿಂಡರಿಸದ ಒಬ್ಬ ವೈದ್ಯೆ ಗೊತ್ತಿದ್ದಾರೆ, ಈಗಲೇ ಹೋಗೋಣ ಎಂದರು.

"ಸರ್, ಮಗಳಿಗೆ ಅರಿಜೋನಾಗೆ ಕಳಿಸಿದ್ವಿ ಅಂತ ಹೇಳ್ಬಿಡ್ತೀನಿ. ಅಲ್ಲಿ ಹುಷಾರಾಗುತ್ತೆ ಅಂತ," ಎಂದೆ.

"ಬ್ಯಾಡ್ರಿ." ದನಿ ಏರಿಸಿರಲಿಲ್ಲ, ಆದರೆ ಕೈ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿತ್ತು. "ಹುಡುಗಿಗೆ ಆ ಸುಳ್ಳ ಮಾತ್ರ ಹೇಳಬ್ಯಾಡ್ರಿ. ಆಕಿನ್ನ ಕರಕೊಂಡ ನಡೀರಿ."

ಕೋವಿಡ್ ಕಾಲ. ಪ್ರಾಣಿಗಳ ಆಸ್ಪತ್ರೆಯೊಳಕ್ಕೆ ಜನರನ್ನು ಬಿಡುತ್ತಿರಲಿಲ್ಲ. ವೈದ್ಯೆಯೇ ಪಾರ್ಕಿಂಗ್ ಲಾಟಿಗೆ ಬಂದರು. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ, ಮಗಳ ಮಡಿಲಲ್ಲಿ, ಟವೆಲಿನೊಳಗೆ ಚಕ್ಕುಲಿಯ ಉಸಿರು ನಿಂತಿತು. ನಾನು ಸ್ಟಿಯರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತಾ ಕೂತಿದ್ದೆ. ಅವರು ತೆರೆದ ಬಾಗಿಲ ಹೊರಗೆ ಮಂಡಿಯೂರಿ, ಅದರ ತಲೆಯ ಮೇಲೆ ಎರಡು ಬೆರಳು ಇಟ್ಟಿದ್ದರು. ಎಲ್ಲ ಆದ ಮೇಲೆ ಮಗಳು ಇಂಗ್ಲಿಷಿನಲ್ಲಿ ಅವರನ್ನು ಕೇಳಿದಳು. ಅಪ್ಪ ಕಾದದ್ದರಿಂದ ಇದು ಸತ್ತಿತಾ?

ಅವರು ಕನ್ನಡದಲ್ಲೇ ಉತ್ತರ ಕೊಟ್ಟರು. "ಇಲ್ಲವಾ ತಂಗಿ. ಅದು ನಿಮ್ಮ ಮನೀಗೆ ಬರೂದ್ರಾಗ ಜಡ್ಡ ಹಿಡದಿತ್ತು. ಮೊದಲ ದಿನಾ ಬಂದಿದ್ರೂ ಉಳೀತಿದ್ದಿಲ್ಲ." ಟವೆಲಿನ ಅಂಚು ಸರಿಪಡಿಸಿ ಸೇರಿಸಿದರು. "ಆದ್ರ ನಾಕ ದಿನಾ ನೋವು ಕಡಿಮಿ ಆಗ್ತಿತ್ತು. ಅಪ್ಪ ಮೊದಲ ಕರೀಬೇಕಿತ್ತು."

ಎರಡನೆಯ ಮಾತು ಹೇಳದೆ ಬಿಡಬಹುದಿತ್ತು ಎಂದು ಅವತ್ತು ಅವರ ಮೇಲೆ ಸಿಟ್ಟು ಬಂದಿತ್ತು. ಮಗಳು ಆಮೇಲೆ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ಆ ರೋಗ ಬಟ್ಟೆಯ ಮೂಲಕವೂ ಹೋಗಿ ಬೇರೆ ಫೆರೆಟ್‌ಗಳಿಗೆ ಅಂಟುತ್ತದಂತೆ. ಅವರ ಮನೆಯಲ್ಲಿ ಎರಡು ಇದ್ದವು. ಹಾಗಾಗಿ ನಮ್ಮ ಗ್ಯಾರೇಜಿನಲ್ಲಿ ಬಟ್ಟೆ ಕಳಚಿ ಚೀಲಕ್ಕೆ ತುಂಬಿ, ಸ್ನಾನ ಮಾಡಿ, ನನ್ನ ಕಂಪನಿಯ ಟೀ ಶರ್ಟು ಮತ್ತು ಟ್ರ್ಯಾಕ್ ಪ್ಯಾಂಟ್ ತೊಟ್ಟುಕೊಂಡು ಮನೆಗೆ ಹೊರಟರು. ಪ್ಯಾಂಟ್ ಅವರಿಗೆ ಎರಡು ಅಂಗುಲ ಉದ್ದವಾಗಿತ್ತು. ಕೆಳಗೆ ಮಡಿಚಿಕೊಂಡು, ಕೈ ಮುಗಿದು ಕಾರು ಹತ್ತಿದರು.

ಒಂದು ತಿಂಗಳ ನಂತರ ಮಗಳು ತಾನೇ ಅವರಿಗೆ ಫೋನ್ ಮಾಡಿದಳು. ಶನಿವಾರ ಅವರ ಮನೆಗೆ ಹೋಗಬೇಕು, ಕರೆದುಕೊಂಡು ಹೋಗು ಎಂದು ಕೇಳಿದಳು. ಹಾಗೆ ಶುರುವಾದದ್ದು ಎರಡು ವರ್ಷಕ್ಕಿಂತ ಹೆಚ್ಚು ನಡೆಯಿತು. ತಿಂಗಳಿಗೆ ಎರಡು ಶನಿವಾರ ಲಾಂಗ್ ಬೀಚ್. ಬಂದರಿನ ಕ್ರೇನುಗಳು ಕಿಟಕಿಯಿಂದ ಕಾಣುವಂಥ, ಎರಡನೆಯ ಮಹಡಿಯ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಅವರದು. ನಾನು ಒಳಗೆ ಹೋಗುತ್ತಿರಲಿಲ್ಲ. ಕೆಳಗೆ ಕಾರಿನಲ್ಲೇ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆ. ಕೆಲಸವಿದೆ ಎನ್ನುತ್ತಿದ್ದೆ. ನಿಜವಾಗಿ ಕಾನೂನಿನ ಹೆದರಿಕೆ ಇತ್ತು.

ಒಂದು ಶನಿವಾರ ಲ್ಯಾಪ್‌ಟಾಪಿನ ಚಾರ್ಜ್ ಮುಗಿದು ಮೇಲೆ ಹೋದೆ. ಅವರು ಒಲೆಯ ಮುಂದೆ ನಿಂತು ಕೋಳಿ ಬೇಯಿಸುತ್ತಿದ್ದರು. ಹುಟ್ಟಾ ಸಸ್ಯಾಹಾರಿ. ಮೊಟ್ಟೆಯನ್ನೂ ಮುಟ್ಟಿದವರಲ್ಲ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಬೆಂದ ಮಾಂಸವನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಅರೆದು, ಬೆರಳ ತುದಿಯಿಂದ ಬಿಸಿ ನೋಡಿದರು. ಮಗಳು ಹಲ್ಲುದುರಿದ ಮುದಿ ಫೆರೆಟ್ಟೊಂದನ್ನು ಮಡಿಲಲ್ಲಿಟ್ಟುಕೊಂಡು ಅದನ್ನು ಚಮಚದಿಂದ ನೆಕ್ಕಿಸಿದಳು.

ನಾನು ನೋಡುತ್ತಿರುವುದನ್ನು ಕಂಡು ಹೇಳಿದರು. "ಇದರ ಹೊಟ್ಟಿಗೆ ಇದ ಬೇಕ್ರಿ. ನನ್ನ ಆಚಾರ ಇದರ ಮ್ಯಾಲೆ ಹೇರಿದ್ರ ಇದು ಸಾಯ್ತೈತಿ." ಆಮೇಲೆ ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದು, ನಮಗೆ ಚಹಾ ಮಾಡಿದರು.

ಅವತ್ತೇ ಅವರಿಗೊಂದು ಫೋನ್ ಬಂತು. ಪೋರ್ಟರ್ ರ್ಯಾಂಚ್ ಎಂಬ ಬಡಾವಣೆಯಿಂದ ಒಬ್ಬ ಕನ್ನಡಿಗರು. ಮಗನ ಹುಟ್ಟುಹಬ್ಬಕ್ಕೆ ಫೆರೆಟ್ ಬೇಕು, ಮರಿ ಮಾಡಿಸಿ ಮಾರುವ ಒಳ್ಳೆಯ ಬ್ರೀಡರ್ ಯಾರು ಹೇಳಿ ಎಂದು. ಸ್ಪೀಕರಿನಲ್ಲಿ ಎಲ್ಲ ಕೇಳುತ್ತಿತ್ತು.

"ನೀವು ಈ ರಾಜ್ಯಾ ಬಿಡಾವ್ರದೀರೇನು?" ಅವರು ಕೇಳಿದರು.

"ಇಲ್ಲ ಅಂಕಲ್, ಈಗ್ತಾನೆ ಮನೆ ತಗೊಂಡ್ವಿ."

"ಹಂಗಾರ ಬ್ಯಾಡ. ಬಚ್ಚಿಟ್ಟ ಪ್ರಾಣಿಗೆ ಜಡ್ಡ ಬಂದ್ರ, ಅದನ್ನ ಸಾಕಿದವ್ರ ಮೊದಲ ತಮ್ಮನ್ನ ಬಚ್ಚಿಟ್ಕೋತಾರ."

ನಾನು ಚಹಾದ ಲೋಟ ನೋಡುತ್ತಾ ಕೂತೆ. ಆ ಕಡೆಯವರು ಬಿಡಲಿಲ್ಲ. ಸುಮ್ಮನೆ ತಿಳಿದುಕೊಳ್ಳೋಕೆ, ಒಳ್ಳೆ ಬ್ರೀಡರ್ ಅಂತ ಹೇಗೆ ಗೊತ್ತಾಗುತ್ತೆ ಎಂದರು.

"ತಾಯಿನ್ನ ತೋರಸ್ತಾನೇನು ಕೇಳ್ರಿ. ತೋರಸ್ಲಿಲ್ಲಂದ್ರ ಎದ್ದ ಬರ್ರಿ. ಲಸಿಕಿ ಚೀಟಿ ಕೇಳ್ರಿ. ಎಂಟ ವಾರದೊಳಗಿನ ಮರಿ ಕೊಟ್ರ ತಗೋಬ್ಯಾಡ್ರಿ. ನಾಳೆ ನಿಮಗ ಸಾಕಾಕ ಆಗ್ಲಿಲ್ಲಂದ್ರ ತಿರುಗಿ ತಗೋತಾನೇನು, ಅದನ್ನ ಕೇಳ್ರಿ. ಮತ್ತ, ನೀವು ಅವಂಗ ಕೇಳೂದಕ್ಕಿಂತ ಅವ ನಿಮಗ ಹೆಚ್ಚ ಕೇಳಬೇಕ್ರಿ. ಏನೂ ಕೇಳದ ಕೊಡಾವ ಬ್ರೀಡರ್ ಅಲ್ಲ." ಫೋನ್ ಇಡುವ ಮೊದಲು ಮೆತ್ತಗಾಗಿ ಸೇರಿಸಿದರು. "ಮಗಾಗ ಒಂದ ನಾಯಿ ತಂದ ಕೊಡ್ರಿ. ರೆಸ್ಕ್ಯೂದಾಗ ಭಾಳ ಅದಾವ."

ಆ ಎರಡು ವರ್ಷಗಳಲ್ಲಿ ಮಗಳು ಅವರಿಂದ ಕಲಿತದ್ದು ಹಲವು. ನಾಡಿ ನೋಡುವುದು, ಉಗುರು ಕತ್ತರಿಸುವುದು, ರಕ್ತದಲ್ಲಿ ಸಕ್ಕರೆ ಇಳಿದು ಬಿದ್ದ ಫೆರೆಟ್ಟಿನ ಒಸಡಿಗೆ ಜೇನುತುಪ್ಪ ಸವರುವುದು. ಕನ್ನಡವನ್ನೂ ಕಲಿತಳು. ನಮಗೆ ಸದಾ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಅವರೊಂದಿಗೆ ಬಾಗಲಕೋಟೆಯ ಕನ್ನಡ ಮಾತಾಡತೊಡಗಿದಳು. 'ಹೌದ್ರಿ ಅಜ್ಜಾ', 'ಬ್ಯಾಡ್ರಿ ಅಜ್ಜಾ'. ಬೆಂಗಳೂರಿನವಳಾದ ನನ್ನ ಹೆಂಡತಿ ಮೊದಲ ಸಲ ಕೇಳಿ ನಕ್ಕಳು, ಆಮೇಲೆ ಕೋಣೆಗೆ ಹೋಗಿ ಅತ್ತಳು.

ಅವರ ಕಣ್ಣಿಗೆ ಪೊರೆ ಬಂದು ದೂರ ಡ್ರೈವ್ ಮಾಡುವುದು ಕಷ್ಟವಾಯಿತು. ಅರಿಜೋನಾಗೆ ಒಂದು ಸಲ ನೀನು ಡ್ರೈವ್ ಮಾಡ್ತೀಯಾ ಎಂದು ಮಗಳು ನನ್ನನ್ನು ಕೇಳಿದಳು. ಮುಂದಿನ ವಾರ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ ಎಂದೆ. ಇನ್ನೊಮ್ಮೆ ಕೇಳಿದಳು. ಕಾರು ಸರ್ವಿಸಿಗೆ ಬಿಡಬೇಕು ಎಂದೆ. ಮೂರನೆಯ ಸಲ ಕೇಳಲಿಲ್ಲ. ಅವರು ನಿಧಾನ ಗತಿಯಲ್ಲಿ, ಬಲಗಡೆಯ ಲೇನ್ ಹಿಡಿದು, ತಾವೇ ಹೋಗಿಬಂದರು. ನನ್ನನ್ನು ಅವರು ಒಂದು ಸಲವೂ ಕೇಳಲಿಲ್ಲ.

೨೦೨೩ರಲ್ಲಿ ಗ್ರೀನ್ ಕಾರ್ಡ್ ಬಂತು. ಅದೇ ಆಗಸ್ಟಿನಲ್ಲಿ ಮಗಳು ಓದಲು ಟೂಸಾನ್‌ಗೆ ಹೋದಳು. ಅರಿಜೋನಾವನ್ನೇ ಯಾಕೆ ಆರಿಸಿಕೊಂಡಳೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಹೋದ ವಾರದಲ್ಲೇ ಅವರಿಗೆ ಫೋನ್ ಮಾಡಿ, ರೆಸ್ಕ್ಯೂದಿಂದ ಒಂದು ಫೆರೆಟ್ ತಗೊಳ್ಳಲಾ ಎಂದಳಂತೆ. "ಹಾಸ್ಟೆಲ್‌ನ್ಯಾಗ ಸಾಕೂ ಪ್ರಾಣಿ ಅಲ್ಲ ತಂಗಿ. ಒಂದ ವರ್ಷ ತಡಿ," ಎಂದರಂತೆ. ತಡೆದಳು. ಮರುವರ್ಷ ಸ್ವಂತ ಬಾಡಿಗೆಯ ಕೋಣೆ ಹಿಡಿದು, ಮನೆಯ ಮಾಲೀಕರ ಒಪ್ಪಿಗೆ ಪತ್ರ ಬರೆಸಿಕೊಂಡು, ಫೆರೆಟ್ ನೋಡುವ ಡಾಕ್ಟರ್ ಹತ್ತಿರದಲ್ಲಿದ್ದಾರೆಂದು ಖಾತ್ರಿ ಮಾಡಿಕೊಂಡು, ರೆಸ್ಕ್ಯೂಗೆ ಮೂರು ವಾರ ಓಡಾಡಿದಳು. ಅಲ್ಲಿ ಕುಣಿಯುವ ಮರಿಗಳಿದ್ದವು. ಅವಳು ಆರಿಸಿದ್ದು ಆರು ವರ್ಷದ, ಬಾಲದ ಕೂದಲೆಲ್ಲ ಉದುರಿದ, ಒಂದು ಕಣ್ಣು ಕಾಣದ ಹೆಣ್ಣನ್ನು. ಎರಡು ಮನೆಯವರು ಅದನ್ನು ಒಯ್ದು ವಾಪಸ್ ತಂದುಬಿಟ್ಟಿದ್ದರು. ರೆಸ್ಕ್ಯೂ ನಡೆಸುವ ಹೆಂಗಸು ಇಂಥವಳಿಗೆ ಕೊಡಬಹುದೇ ಎಂದು ಅವರಿಗೇ ಫೋನ್ ಮಾಡಿ ಕೇಳಿದ್ದಳು. "ಈ ಹುಡುಗಿ ಬೇಗ ಮಾತು ಕೊಡುವವಳಲ್ಲ. ಇವಳಿಗೆ ಕೊಡಿ," ಎಂದು ಇಂಗ್ಲಿಷಿನಲ್ಲಿ ಹೇಳಿದ್ದರಂತೆ.

ಆ ಫೆರೆಟ್ಟನ್ನು ಅವರಿಗೆ ತೋರಿಸಬೇಕೆಂದು ಮಗಳಿಗೆ ಆಸೆ. ಅದನ್ನು ಕ್ಯಾಲಿಫೋರ್ನಿಯಾಕ್ಕೆ ತರುವ ಹಾಗಿಲ್ಲ. ಅವರು ಅಲ್ಲಿಗೆ ಹೋಗುವ ಹಾಗೂ ಇರಲಿಲ್ಲ. ಎರಡೂ ಕಿಡ್ನಿ ಕೈಕೊಟ್ಟು, ಸೋಮವಾರ ಬುಧವಾರ ಶುಕ್ರವಾರ ಡಯಾಲಿಸಿಸ್ ನಡೆಯುತ್ತಿತ್ತು. ಶುಕ್ರವಾರದಿಂದ ಸೋಮವಾರದವರೆಗೆ ಎರಡು ದಿನ ಬಿಡುವು. ಗಡಿಯಾಚೆಯ ಯೂಮಾ ಊರಿನ ತನಕ ನಾನು ಕರೆದುಕೊಂಡು ಹೋಗುತ್ತೇನೆ, ಮಗಳು ಟೂಸಾನಿನಿಂದ ಅಲ್ಲಿಗೆ ಬರಲಿ ಎಂದೆ. ಈ ವರ್ಷದ ಫೆಬ್ರವರಿಯ ಮಾತು. ಗಾಡಿಯಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲದಾಗ ಮಾತ್ರ ನನಗೆ ಈ ಧೈರ್ಯ ಬಂತು ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಶನಿವಾರ ಅವರನ್ನು ಕರೆತಂದು ನಮ್ಮ ಮನೆಯಲ್ಲೇ ಉಳಿಸಿಕೊಂಡೆವು. ಭಾನುವಾರ ಬೆಳಿಗ್ಗೆ ಹೊರಟೆವು. ಸ್ಯಾನ್ ಡಿಯಾಗೋ ದಾಟಿ, ಬಂಡೆಗಳನ್ನು ರಾಶಿ ಹಾಕಿದಂಥ ಬೆಟ್ಟ ಹತ್ತಿ ಇಳಿದು, ಮರಳುಗಾಡು ಸಿಕ್ಕಿತು. ಕಿಡ್ನಿಯ ತೊಂದರೆಯಿಂದ ಅವರು ನೀರು ಹೆಚ್ಚು ಕುಡಿಯುವಂತಿರಲಿಲ್ಲ. ಫ್ಲಾಸ್ಕಿನಲ್ಲಿದ್ದ ಮಂಜುಗಡ್ಡೆಯ ಚೂರೊಂದನ್ನು ಬಾಯಿಗಿಟ್ಟುಕೊಂಡು ಚೀಪುತ್ತಿದ್ದರು. ಎಲ್ ಸೆಂಟ್ರೋ ದಾಟಿದ ಮೇಲೆ, ಕೇಳದೆಯೇ ಹೇಳಿದರು.

"ನಿಮ್ಮ ಮನ್ಯಾಗ ಅವತ್ತ ನೀವು ಗ್ರೀನ್ ಕಾರ್ಡ್ ಅಂದ್ರೆಲಾ. ನಾ ಬೈಯಾಂವ ಇದ್ದೆ. ಬಾಯಿ ಬರಲಿಲ್ಲ."

ಅವರು ಪ್ರಾಣಿ ಆಸ್ಪತ್ರೆಗೆ ಸೇರಿದ ಹೊಸತು. ಅವರ ಕಾಗದಪತ್ರವೂ ಆಗ ಅರ್ಧ ದಾರಿಯಲ್ಲಿತ್ತು. ಒಬ್ಬಳು ಮುದುಕಿ, ಒಂಟಿ ಹೆಂಗಸು, ಎಚ್ಚರ ತಪ್ಪಿದ ಫೆರೆಟ್ಟನ್ನು ಸೆರಗಿನೊಳಗೆ ಮುಚ್ಚಿಕೊಳ್ಳುವಂತೆ ಕೋಟಿನೊಳಗೆ ಮುಚ್ಚಿ ತಂದಿದ್ದಳು. ಸಕ್ಕರೆ ಕೊಟ್ಟು ಇವರೇ ಎಬ್ಬಿಸಿದರು. ಅದು ಕಣ್ಣು ಬಿಟ್ಟಿತು. ಆಮೇಲೆ ಹೆದರಿಕೆ ಶುರುವಾಯಿತು. ನಾಳೆ ಯಾರಾದರೂ ಕೇಳಿದರೆ, ನಿನಗೆ ಗೊತ್ತಿದ್ದೂ ಯಾಕೆ ತಿಳಿಸಲಿಲ್ಲ ಎಂದರೆ? ಹಿಂದಿನ ಕೋಣೆಗೆ ಹೋಗಿ ಅಧಿಕಾರಿಗಳಿಗೆ ಫೋನ್ ಮಾಡಿದರು. ಅಧಿಕಾರಿಗಳು ಬಂದು ಅದನ್ನು ಒಯ್ದರು. ಒಯ್ಯುವಾಗ ಅದು ಒಬ್ಬರ ಕೈ ಕಚ್ಚಿತು.

"ಕಚ್ಚಿದ್ರ ಮುಗೀತ್ರಿ. ಹುಚ್ಚನಾಯಿ ಜಡ್ಡ ಐತೇನು ನೋಡಾಕ ಅದನ್ನ ಕೊಲ್ಲಬೇಕ. ಎರಡ ದಿನದಾಗ ನನಗ ಸುದ್ದಿ ಬಂತು. ಆ ಮುದುಕಿಗೆ ಹೇಳಾಕ ನನಗ ಆಗಲಿಲ್ಲ. ಅರಿಜೋನಾಕ ಕಳಿಸ್ಯಾರ, ಛಲೋ ಮನಿ ಸಿಕ್ಕೈತಿ ಅಂದೆ. ಆಕಿ ನಂಬಿದಳು. ಪ್ರತಿ ಮಂಗಳವಾರ ಬರಾಕಿ. ಅದಕ್ಕ ಕಾಲುಚೀಲದಾಗ ಮಲಗೂ ಚಾಳಿ ಇತ್ತಂತ. ತಾ ಹಾಕ್ಕೊಂಡಿದ್ದ ಕಾಲುಚೀಲ ಒಂದ ತಂದ ಕೊಡಾಕಿ, ತನ್ನ ವಾಸನಿ ಮರೀಬಾರದು, ಅಲ್ಲಿಗೆ ಕಳಸ್ರಿ ಅನ್ನಾಕಿ. ನಾ ಇಸ್ಕೊಂಡ ಇಡ್ತಿದ್ದೆ. ಏಳ ಆದುವು. ಎಂಟನೇ ಮಂಗಳವಾರ ಬರಲಿಲ್ಲ. ಆಮ್ಯಾಲೆ ಬರಲೇ ಇಲ್ಲ."

ಎರಡೂ ಕಡೆ ಮರಳು ಹಿಂದಕ್ಕೆ ಸರಿಯುತ್ತಿತ್ತು. ಅವರು ಇನ್ನೊಂದು ಮಂಜುಗಡ್ಡೆಯ ಚೂರು ಬಾಯಿಗೆ ಹಾಕಿಕೊಂಡರು.

ಯೂಮಾದಲ್ಲಿ ನದಿ ದಂಡೆಯ ಪಾರ್ಕಿನಲ್ಲಿ ಮಗಳು ಕಾಯುತ್ತಿದ್ದಳು. ಅವರನ್ನು ನೋಡಿ ಅವಳ ಮುಖ ಇಳಿಯಿತು, ಅಷ್ಟು ಸೊರಗಿದ್ದರು. ಬೆಂಚಿನ ಮೇಲೆ ಕೂರಿಸಿ, ಮುದಿ ಫೆರೆಟ್ಟನ್ನು ಅವರ ಮಡಿಲಿಗೆ ಕೊಟ್ಟಳು. ಅವರ ಕಣ್ಣು ಅಷ್ಟು ಕಾಣುತ್ತಿರಲಿಲ್ಲ. ಬೆರಳಿನಿಂದಲೇ ನೋಡಿದರು. ಒಸಡು, ಹಲ್ಲು, ಹೊಟ್ಟೆ, ನಾಲ್ಕೂ ಪಾದ, ಬೋಳು ಬಾಲ. ಅದು ಅವರ ಅಂಗಿಯನ್ನು ಮೂಸಿ ಮೂಸಿ, ತೋಳಿನೊಳಗೆ ತಲೆ ತೂರಿಸಿ ಮಲಗಿಬಿಟ್ಟಿತು.

"ಬಾಲಕ್ಕ ಔಷಧ ಹಾಕಸೀಯೇನು?"

"ಹಾಕ್ಸೀನ್ರಿ ಅಜ್ಜಾ. ಚರ್ಮದೊಳಗ ಔಷಧದ ಇಂಪ್ಲಾಂಟ್ ಹಾಕ್ಯಾರ."

"ಒಂದ ವರ್ಷ ಇದ್ದೀತು ಇದು. ಎರಡಾದ್ರ ನಿನ್ನ ಪುಣ್ಯೇ. ಗೊತ್ತೈತಿಲ್ಲ?"

"ಗೊತ್ತೈತ್ರಿ."

"ಹೋಗೂ ದಿನಾ ನೀನ ಹಿಡ್ಕೊಂಡಿರಬೇಕ. ಬ್ಯಾರೆಯವ್ರ ಕೈಯಾಗ ಕೊಟ್ಟ ಹೊರಗ ನಿಂದ್ರಬಾರದು."

"ನಿಂದ್ರೂದಿಲ್ರಿ ಅಜ್ಜಾ."

ಒಂದೂವರೆ ಗಂಟೆ ಅದನ್ನು ತೋಳಿನಲ್ಲಿ ಹಿಡಿದೇ ಕೂತಿದ್ದರು. ಕೈ ಜೋಮು ಹಿಡಿದರೂ ಅಲುಗಾಡಿಸಲಿಲ್ಲ. ಹೊರಡುವಾಗ ನನ್ನ ಮಗಳ ತಲೆಯ ಮೇಲೆ ಎರಡು ಬೆರಳು ಇಟ್ಟು, ಕಾರು ಹತ್ತಿದರು. ದಾರಿಯುದ್ದಕ್ಕೂ ಮಲಗಿದ್ದರು.

ಅದಾದ ಐದು ವಾರಕ್ಕೆ, ಒಂದು ಮಂಗಳವಾರ, ಅವರು ಡಯಾಲಿಸಿಸ್ ಇಲ್ಲದ ದಿನ ಮನೆಯಲ್ಲೇ ಹೋಗಿಬಿಟ್ಟರು. ಕೋಣೆಯಲ್ಲಿ ಆಗ ಯಾವ ಫೆರೆಟ್ಟೂ ಇರಲಿಲ್ಲ. ಕಾಯಿಲೆ ಜೋರಾದ ಮೇಲೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದರು. ಬುಧವಾರ ಡಯಾಲಿಸಿಸ್‌ಗೆ ಬರಲಿಲ್ಲವೆಂದು ಆಸ್ಪತ್ರೆಯವರು ಫೋನ್ ಮಾಡಿ, ಉತ್ತರ ಬರದೆ, ಅಪಾರ್ಟ್‌ಮೆಂಟಿನ ಮ್ಯಾನೇಜರಿಗೆ ತಿಳಿಸಿದ ಮೇಲೆ ಬಾಗಿಲು ತೆಗೆದದ್ದು.

ಮಗಳಿಗೆ ನಾನೇ ಫೋನ್ ಮಾಡಿದೆ. ಸುದ್ದಿ ಕೇಳಿ ಅವಳು ಕನ್ನಡದಲ್ಲಿ ಕೇಳಿದಳು.

"ಅಜ್ಜನ ಹತ್ರ ಯಾರಿದ್ರು?"

ಪಕ್ಕದ ಮನೆಯವರಿದ್ದರು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು.

"ಯಾರೂ ಇರಲಿಲ್ಲ, ಪುಟ್ಟಿ," ಎಂದೆ.

ಆ ಕಡೆಯಿಂದ ಅವಳು ಉಸಿರೆಳೆದುಕೊಳ್ಳುವುದು ಕೇಳಿಸಿತು. ಫೋನ್ ಇಡ್ಲಾ ಎಂದು ಕೇಳಿದೆ.

"ಬೇಡ ಅಪ್ಪಾ, ಇಡಬೇಡ."

ಇಡಲಿಲ್ಲ. ಇಬ್ಬರೂ ಒಂದು ಮಾತೂ ಆಡದೆ, ಫೋನ್ ಕಿವಿಗೊತ್ತಿಕೊಂಡು, ಸಂಜೆಯಾಗುವವರೆಗೂ ಕೂತಿದ್ದೆವು.